ಮೊಮ್ಮಕ್ಕಳನ್ನು ನೋಡುವ ಹಕ್ಕು: ಅಜ್ಜಿ ತಾತಂದಿರಿಗೆ ಕಾನೂನಿನಲ್ಲಿ ಇರುವುದೇನು?

ಮಂಡ್ಯ ಮತ್ತು ಮೈಸೂರಿನ ನ್ಯಾಯಾಲಯಗಳ ಕಚೇರಿಯಲ್ಲಿ ಕೆಲಸ ಮಾಡಿ ಶಿರಸ್ತೇದಾರನಾಗಿ ನಿವೃತ್ತನಾದ ಮೇಲೂ ಊರಿನವರು, ನೆಂಟರು ಕಾನೂನಿನ ಪ್ರಶ್ನೆಗಳನ್ನು ನನ್ನ ಬಳಿಗೆ ತರುವುದು ನಿಂತಿಲ್ಲ. ಖಾತೆ, ಪೋಡಿ, ವಿಭಾಗ ಪತ್ರ, ಜಾಮೀನು ಇವೆಲ್ಲ ಮೊದಲಿನಿಂದಲೂ ಇದ್ದ ಪ್ರಶ್ನೆಗಳು. ಈಚೆಗೆ ಅವುಗಳ ಜೊತೆಗೆ ಇನ್ನೊಂದು ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ. ಮಗ ತೀರಿಕೊಂಡು ಸೊಸೆ ತವರಿಗೆ ಹೋದ ಮನೆಯವರು, ಮಗಳು ತೀರಿಕೊಂಡು ಅಳಿಯ ಮಗುವನ್ನು ಕರೆದುಕೊಂಡು ಹೋದ ಮನೆಯವರು, ಮಗನ ವಿಚ್ಛೇದನದ ನಂತರ ಮೊಮ್ಮಗಳ ಮುಖವನ್ನೇ ಕಾಣದವರು, ಎಲ್ಲರೂ ಕೇಳುವುದು ಒಂದನ್ನೇ: "ಮೊಗ ನಮ್ ಮಗನ್ದು ಸಾರ್, ನೋಡಾಕೂ ನಮ್ಗೆ ಹಕ್ಕಿಲ್ವಾ?"

ನಾನು ವಕೀಲನಲ್ಲ. ಅರ್ಜಿಗಳು ಹೇಗೆ ಬರುತ್ತವೆ, ಅವುಗಳಲ್ಲಿ ಯಾವುವು ನಿಲ್ಲುತ್ತವೆ, ಯಾವುವು ಬೀಳುತ್ತವೆ ಎಂಬುದನ್ನು ಹತ್ತಿರದಿಂದ ನೋಡಿದವನು ಮಾತ್ರ. ಆ ಅನುಭವದ ಜೊತೆಗೆ ಸುಪ್ರೀಂ ಕೋರ್ಟಿನ ತೀರ್ಪುಗಳನ್ನೂ ಇಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ. ತೀರ್ಪುಗಳನ್ನು ಇಸವಿಯಿಂದ ಗುರುತಿಸುತ್ತೇನೆಯೇ ಹೊರತು ಕಕ್ಷಿದಾರರ ಹೆಸರುಗಳನ್ನು ಬರೆಯುವುದಿಲ್ಲ. ಆ ಪ್ರಕರಣಗಳ ಮಕ್ಕಳಲ್ಲಿ ಕೆಲವರು ಈಗ ಬೆಳೆದು ದೊಡ್ಡವರಾಗಿದ್ದಾರೆ, ಅವರ ಬಾಲ್ಯದ ಜಗಳವನ್ನು ಹೆಸರು ಹಿಡಿದು ಕೆದಕುವ ಅಗತ್ಯ ನನಗೆ ಕಾಣುವುದಿಲ್ಲ.

ಮೊದಲು ಅಪ್ರಿಯವಾದ ಉತ್ತರವನ್ನೇ ಹೇಳಿಬಿಡುತ್ತೇನೆ. ಅಜ್ಜಿ ತಾತಂದಿರಿಗೆ ಮೊಮ್ಮಗುವನ್ನು ನೋಡುವ ಅಥವಾ ಇಟ್ಟುಕೊಳ್ಳುವ ಸ್ವತಂತ್ರವಾದ ಹಕ್ಕನ್ನು ಕೊಡುವ ಪ್ರತ್ಯೇಕ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಮು ಸಹಜ ಪಾಲಕರು ಯಾರು ಎಂದು ಹೇಳುವಾಗ ತಂದೆಯನ್ನೂ ಅವನ ನಂತರ ತಾಯಿಯನ್ನೂ ಹೆಸರಿಸುತ್ತದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕು ಎನ್ನುತ್ತದೆ. 1999ರ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ತಂದೆ ಬದುಕಿದ್ದಾಗಲೂ ತಾಯಿ ಸಹಜ ಪಾಲಕಳಾಗಿ ವರ್ತಿಸಬಹುದಾದ ಸಂದರ್ಭಗಳಿವೆ ಎಂದು ಆ ಕಲಮನ್ನು ಅರ್ಥೈಸಿತು. ಆದರೆ ಆ ಪಟ್ಟಿಯಲ್ಲಿ ತಾತನೂ ಇಲ್ಲ, ಅಜ್ಜಿಯೂ ಇಲ್ಲ. ಕೂಡು ಕುಟುಂಬದಲ್ಲಿ ಹುಟ್ಟಿ ಬೆಳೆದ ನಮ್ಮ ಹಿರಿಯರಿಗೆ ಇದನ್ನು ನಂಬುವುದೇ ಕಷ್ಟ. ಮಗುವಿಗೆ ಹೆಸರಿಟ್ಟವರು, ಎಣ್ಣೆ ನೀರು ಹಾಕಿದವರು, ಅಂಗನವಾಡಿಗೆ ಕೈಹಿಡಿದು ಕರೆದೊಯ್ದವರು ಕಾನೂನಿನ ದೃಷ್ಟಿಯಲ್ಲಿ ಪಾಲಕರೇ ಅಲ್ಲವೆಂದರೆ ಯಾರಿಗಾದರೂ ಬೇಸರವಾಗುತ್ತದೆ.

ಹಾಗೆಂದು ಬಾಗಿಲು ಮುಚ್ಚಿಲ್ಲ. ಇದಕ್ಕಿಂತ ಬಹಳ ಹಳೆಯದಾದ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಇಂದಿಗೂ ಜಾರಿಯಲ್ಲಿದೆ, ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಅದರ 8ನೇ ಕಲಮಿನ ಪ್ರಕಾರ ಮಗುವಿನ ಯಾವುದೇ ಸಂಬಂಧಿ, ಅಷ್ಟೇಕೆ, ಹಿತೈಷಿಯಾದ ಸ್ನೇಹಿತ ಕೂಡ ಪಾಲಕತ್ವಕ್ಕಾಗಿ ಅರ್ಜಿ ಹಾಕಬಹುದು. ಅಂದರೆ ನ್ಯಾಯಾಲಯದ ಮುಂದೆ ಬಂದು ನಿಲ್ಲುವುದಕ್ಕೆ ಅಜ್ಜಿ ತಾತಂದಿರಿಗೆ ಯಾವ ಅಡ್ಡಿಯೂ ಇಲ್ಲ. ಅಡ್ಡಿ ಇರುವುದು 19ನೇ ಕಲಮಿನಲ್ಲಿ: ಮಗುವಿನ ತಂದೆಯೋ ತಾಯಿಯೋ ಬದುಕಿದ್ದು, ಅವರು ಪಾಲಕರಾಗಲು ಅನರ್ಹರಲ್ಲವೆಂದು ನ್ಯಾಯಾಲಯಕ್ಕೆ ಕಂಡರೆ ಬೇರೆಯವರನ್ನು ಪಾಲಕರನ್ನಾಗಿ ನೇಮಿಸುವಂತಿಲ್ಲ. ಮೊದಲು ಈ ಕಲಮಿನಲ್ಲಿ ತಂದೆಯ ಹೆಸರು ಮಾತ್ರ ಇತ್ತು. 2010ರ ತಿದ್ದುಪಡಿ ತಾಯಿಯನ್ನೂ ಸೇರಿಸಿತು. ಮಗ ತೀರಿಕೊಂಡ ಮನೆಗಳಲ್ಲಿ ಈ ತಿದ್ದುಪಡಿಯ ಮಹತ್ವ ದೊಡ್ಡದು, ಏಕೆಂದರೆ ಅಲ್ಲಿ ಬದುಕಿರುವವಳು ಸೊಸೆ.

ಈ ಎರಡೂ ಕಾಯ್ದೆಗಳ ಮೇಲೆ ಕುಳಿತಿರುವ ತತ್ವ ಮಗುವಿನ ಹಿತ. 1956ರ ಕಾಯ್ದೆಯ 13ನೇ ಕಲಮು ಅದನ್ನು ಸರ್ವೋಪರಿ ಎಂದು ಕರೆಯುತ್ತದೆ. 1890ರ ಕಾಯ್ದೆಯ 17ನೇ ಕಲಮು ಹಿತವನ್ನು ಅಳೆಯುವಾಗ ಏನೇನು ನೋಡಬೇಕೆಂದು ಹೇಳುತ್ತದೆ: ಮಗುವಿನ ವಯಸ್ಸು, ಲಿಂಗ, ಧರ್ಮ, ಪಾಲಕರಾಗಬಯಸುವವರ ನಡತೆ ಮತ್ತು ಸಾಮರ್ಥ್ಯ, ರಕ್ತಸಂಬಂಧದ ಸಾಮೀಪ್ಯ, ತೀರಿಕೊಂಡ ತಂದೆ ತಾಯಿಯ ಇಚ್ಛೆ ಏನಾದರೂ ಇದ್ದರೆ ಅದು, ಮಗುವಿನೊಂದಿಗೆ ಇದುವರೆಗೆ ಇದ್ದ ಒಡನಾಟ. ಮಗು ವಿಚಾರ ಮಾಡಿ ಹೇಳುವಷ್ಟು ದೊಡ್ಡದಾಗಿದ್ದರೆ ಅದರ ಅಭಿಪ್ರಾಯವನ್ನೂ ನ್ಯಾಯಾಧೀಶರು ಪರಿಗಣಿಸಬಹುದು. ಸಾಮಾನ್ಯವಾಗಿ ಮಗುವನ್ನು ಒಳಕೋಣೆಗೆ ಕರೆಸಿಕೊಂಡು, ಎರಡೂ ಕಡೆಯವರನ್ನು ಹೊರಗಿರಿಸಿ ಮಾತನಾಡಿಸುತ್ತಾರೆ. ಮಕ್ಕಳು ತಂದೆ ತಾಯಿಯರ ಆಸ್ತಿಯೂ ಅಲ್ಲ, ಆಟದ ವಸ್ತುವೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1973ರಲ್ಲಿಯೇ ಹೇಳಿದೆ. ಆ ಮಾತು ತಂದೆ ತಾಯಿಯರಿಗೆ ಅನ್ವಯಿಸುವುದಾದರೆ ಅಜ್ಜಿ ತಾತಂದಿರಿಗೂ ಅನ್ವಯಿಸುತ್ತದೆ. ಆದ್ದರಿಂದ "ನಮ್ಮ ವಂಶದ ಕುಡಿ" ಎಂದು ಆರಂಭವಾಗುವ ಅರ್ಜಿಗಿಂತ "ಈ ಮಗು ಹುಟ್ಟಿದಾಗಿನಿಂದ ನಮ್ಮ ಮಡಿಲಲ್ಲಿ ಬೆಳೆದಿದೆ, ಈಗ ಒಮ್ಮೆಲೇ ಆ ಒಡನಾಟ ಕಡಿದುಹೋಗಿದೆ" ಎಂದು ಆರಂಭವಾಗುವ ಅರ್ಜಿ ಬಲವಾಗಿರುತ್ತದೆ. ನಾನು ಕಂಡ ಕಡತಗಳಲ್ಲಿ ಮೊದಲನೆಯ ಬಗೆಯವೇ ಹೆಚ್ಚು.

ಮಂಡ್ಯ ಸೀಮೆಯಲ್ಲಿ ಇಂಥ ವ್ಯಾಜ್ಯ ಹುಟ್ಟುವ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮದ್ದೂರು ಕಡೆಯ ನಮ್ಮ ನೆಂಟರೊಬ್ಬರ ಮನೆಯಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ಮಾದರಿ. ಮಗ ಹೆದ್ದಾರಿಯಲ್ಲಿ ಅಪಘಾತದಲ್ಲಿ ತೀರಿಕೊಂಡ. ತಿಥಿ ಮುಗಿಯುವವರೆಗೆ ಎಲ್ಲರೂ ಒಟ್ಟಿಗೆ ಅತ್ತರು. ಆಮೇಲೆ ಮೋಟಾರು ವಾಹನ ಅಪಘಾತ ಪರಿಹಾರದ ಅರ್ಜಿ ಬಂತು. ಅದರಲ್ಲಿ ಹೆಂಡತಿ, ಮಗು, ಮೃತನ ತಂದೆ ತಾಯಿ ಎಲ್ಲರೂ ಅವಲಂಬಿತರೆಂದು ಅರ್ಜಿದಾರರಾಗುತ್ತಾರೆ. ನ್ಯಾಯಮಂಡಳಿ ಹಣವನ್ನು ಪಾಲು ಮಾಡಿ, ಮಗುವಿನ ಪಾಲನ್ನು ಪ್ರಾಪ್ತ ವಯಸ್ಸಿನವರೆಗೆ ಬ್ಯಾಂಕಿನಲ್ಲಿ ಠೇವಣಿ ಇರಿಸುವಂತೆ ಹೇಳುತ್ತದೆ. ಯಾರಿಗೆ ಎಷ್ಟು ಎಂಬ ಮಾತಿನಲ್ಲಿ ಎರಡು ಮನೆಗಳಿಗೂ ಮನಸ್ತಾಪವಾಯಿತು, ಸೊಸೆ ಮಗುವಿನೊಂದಿಗೆ ತವರು ಸೇರಿದಳು, ಬೀಗರು ಫೋನ್ ಎತ್ತುವುದನ್ನು ನಿಲ್ಲಿಸಿದರು. ಅದಾದ ಮೇಲೆ ತಾತ ಮಗುವನ್ನು ತನ್ನ ವಶಕ್ಕೆ ಕೊಡಿಸಬೇಕೆಂದು ಅರ್ಜಿ ಹಾಕಲು ಹೊರಟರು. ಕಾಲಾನುಕ್ರಮದಲ್ಲಿ ಇಟ್ಟು ನೋಡುವ ನ್ಯಾಯಾಧೀಶರಿಗೆ ಏನು ಕಾಣುತ್ತದೆ? ಹಣದ ಜಗಳ ಮೊದಲು, ಮಗುವಿನ ಮೇಲಿನ ಪ್ರೀತಿ ಆಮೇಲೆ. ಆ ತಾತನ ಪ್ರೀತಿ ನಿಜವಾದದ್ದೆಂದು ನನಗೆ ಗೊತ್ತು, ಆದರೆ ಕಡತಕ್ಕೆ ಗೊತ್ತಿಲ್ಲ.

ಇನ್ನೊಂದು ಗಂಟು ಜಮೀನಿನದು. ಮೊಮ್ಮಗನ ಪಾಲಿಗೆ ಬರುವ ಗದ್ದೆಯನ್ನು ಸೊಸೆ, ಅವಳು ಮರುಮದುವೆಯಾದರೆ ಅವಳ ಹೊಸ ಗಂಡ, ಮಾರಿ ತಿನ್ನುತ್ತಾರೆ ಎಂಬ ಭಯದಿಂದ ಮಗುವನ್ನೇ ತಮ್ಮ ಬಳಿ ಇಟ್ಟುಕೊಳ್ಳಬೇಕೆಂದು ಹಲವರು ಬಯಸುತ್ತಾರೆ. ಈ ಭಯಕ್ಕೆ ಕಾನೂನಿನಲ್ಲಿ ಬೇರೆಯೇ ಮದ್ದಿದೆ. ಮಗುವಿನ ಹೆಸರಿಗೆ ಬಂದ ಸ್ಥಿರಾಸ್ತಿಯನ್ನು ಸಹಜ ಪಾಲಕರು ನ್ಯಾಯಾಲಯದ ಅನುಮತಿ ಇಲ್ಲದೆ ಮಾರುವಂತಿಲ್ಲ ಎಂದು 1956ರ ಕಾಯ್ದೆಯ 8ನೇ ಕಲಮು ಹೇಳುತ್ತದೆ. ಕುಟುಂಬದ ಅವಿಭಕ್ತ ಆಸ್ತಿಯನ್ನು ಮನೆಯ ಹಿರಿಯರೊಬ್ಬರು ನೋಡಿಕೊಳ್ಳುತ್ತಿದ್ದರೆ, ಅದರಲ್ಲಿ ಮಗುವಿಗಿರುವ ಪಾಲಿಗೆ ಪ್ರತ್ಯೇಕ ಪಾಲಕರನ್ನು ನೇಮಿಸುವಂತಿಲ್ಲ ಎಂದು 12ನೇ ಕಲಮು ಹೇಳುತ್ತದೆ. ಗದ್ದೆಯ ಚಿಂತೆಗೆ ಗದ್ದೆಯ ದಾವೆಯೇ ಸರಿಯಾದ ಜಾಗ. ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸಿದರೆ ಮಗುವನ್ನು ನೋಡುವ ಕೋರಿಕೆಯೂ ಅನುಮಾನಕ್ಕೆ ಗುರಿಯಾಗುತ್ತದೆ.

ಸೊಸೆಯ ಮರುಮದುವೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅರ್ಜಿಗಳಲ್ಲಿ ಅತಿ ಹೆಚ್ಚು ಮಸಿ ಖರ್ಚಾಗುವುದು ಇಲ್ಲಿಯೇ. ತಾಯಿ ಇನ್ನೊಂದು ಮದುವೆಯಾದಳೆಂಬ ಕಾರಣಕ್ಕೆ ಮಗುವಿನ ಪಾಲನೆ ಅವಳಿಂದ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಆಂಧ್ರದಿಂದ ಹೋಗಿ 2022ರ ಜುಲೈನಲ್ಲಿ ತೀರ್ಮಾನವಾದ ಪ್ರಕರಣವಂತೂ ನಮ್ಮ ಊರುಗಳ ಕಥೆಯಂತೆಯೇ ಇದೆ. ಮಗು ಎಳೆಗೂಸಾಗಿದ್ದಾಗಲೇ ತಂದೆ ತೀರಿಕೊಂಡ, ತಾಯಿ ಮರುಮದುವೆಯಾದಳು, ತಂದೆಯ ಕಡೆಯ ಅಜ್ಜಿ ತಾತ ಪಾಲಕತ್ವ ಕೋರಿ ಅರ್ಜಿ ಹಾಕಿದರು. ಕೆಳ ನ್ಯಾಯಾಲಯ ಮಗುವನ್ನು ತಾಯಿಯಿಂದ ಬೇರ್ಪಡಿಸಲು ಒಪ್ಪಲಿಲ್ಲ, ಆದರೆ ಅಜ್ಜಿ ತಾತಂದಿರಿಗೆ ಸೀಮಿತವಾದ ಭೇಟಿಯ ಅವಕಾಶ ಕೊಟ್ಟಿತು. ಹೈಕೋರ್ಟ್ ಒಂದು ಹೆಜ್ಜೆ ಮುಂದೆ ಹೋಗಿ ಮಗುವಿಗೆ ತೀರಿಕೊಂಡ ತಂದೆಯ ಮನೆತನದ ಹೆಸರನ್ನೇ ಇಡಬೇಕು, ದಾಖಲೆಗಳಲ್ಲಿ ಎರಡನೆಯ ಗಂಡನನ್ನು ಮಲತಂದೆ ಎಂದು ನಮೂದಿಸಬೇಕು ಎಂದಿತು. ಸುಪ್ರೀಂ ಕೋರ್ಟ್ ಆ ನಿರ್ದೇಶನವನ್ನು ತೆಗೆದುಹಾಕಿತು. ಗಂಡ ತೀರಿಕೊಂಡ ಮೇಲೆ ತಾಯಿಯೇ ಏಕೈಕ ಸಹಜ ಪಾಲಕಳು, ಮಗುವಿನ ಹೆಸರಿನೊಡನೆ ಯಾವ ಮನೆತನದ ಹೆಸರು ಇರಬೇಕೆಂದು ನಿರ್ಧರಿಸುವುದು ಅವಳಿಗೆ ಬಿಟ್ಟದ್ದು, ಮಲತಂದೆ ಎಂದು ಬರೆಸುವುದು ಮಗುವಿನ ಮನಸ್ಸಿಗೆ ಒಳ್ಳೆಯದಲ್ಲ ಎಂಬುದು ಅದರ ನಿಲುವು. ಈ ತೀರ್ಪನ್ನು ಓದಿ ನಮ್ಮ ನೆಂಟರು ಮುಖ ಸಣ್ಣದು ಮಾಡಿಕೊಂಡರು. ನನಗೆ ಅದರಲ್ಲಿ ಕಂಡದ್ದು ಬೇರೆ: ವಂಶದ ಹೆಸರನ್ನು ಕೇಳಿದ ಭಾಗ ಬಿದ್ದುಹೋಯಿತು, ಭೇಟಿಯ ಅವಕಾಶ ಕೆಳ ನ್ಯಾಯಾಲಯದಲ್ಲಿಯೇ ದೊರೆತಿತ್ತು.

ಹಾಗಾದರೆ ತಂದೆಯೋ ತಾಯಿಯೋ ಬದುಕಿರುವಾಗ ಅಜ್ಜಿ ತಾತಂದಿರಿಗೆ ಮಗು ಸಿಕ್ಕಿದ್ದೇ ಇಲ್ಲವೇ? ಸಿಕ್ಕಿದೆ. 2008ರಲ್ಲಿ ಕೋಲ್ಕತ್ತದ ಒಂದು ಪ್ರಕರಣದಲ್ಲಿ ತಾಯಿಯ ಕಡೆಯ ಅಜ್ಜಿ ತಾತ ಗೆದ್ದರು. ಮಗಳು ಅಸಹಜವಾಗಿ ತೀರಿಕೊಂಡಿದ್ದಳು, ಅಳಿಯನ ಮೇಲೆ ವರದಕ್ಷಿಣೆ ಕಿರುಕುಳ ಮತ್ತು ಸಾವಿನ ಆರೋಪದ ಮೊಕದ್ದಮೆ ನಡೆಯುತ್ತಿತ್ತು. ಕೆಳಗಿನ ಎರಡೂ ನ್ಯಾಯಾಲಯಗಳು ತಂದೆ ಸಹಜ ಪಾಲಕನೆಂದು ಅವನ ಪರವಾಗಿಯೇ ಹೇಳಿದ್ದವು. ಸುಪ್ರೀಂ ಕೋರ್ಟ್ ಹುಡುಗನನ್ನು ಮಾತನಾಡಿಸಿತು, ಅವನು ತಾತನ ಮನೆಯಲ್ಲಿಯೇ ಇರುವೆನೆಂದ, ತೀರ್ಪು ತಿರುಗಿತು. ತಂದೆ ಅನರ್ಹನೆಂದು ಸಾಬೀತಾಗಿಲ್ಲ ಎಂಬಷ್ಟರಿಂದಲೇ ಮಗುವನ್ನು ಕೊಟ್ಟುಬಿಡಲಾಗದು, ಮಗುವಿನ ಹಿತವೇನೆಂದು ನೋಡಬೇಕು ಎಂಬುದನ್ನು ಆ ತೀರ್ಪು ಸ್ಪಷ್ಟಪಡಿಸಿತು. 2009ರಲ್ಲಿ ಇನ್ನೊಂದು: ಹೆರಿಗೆಯಲ್ಲಿ ತಾಯಿಯನ್ನು ಕಳೆದುಕೊಂಡ ಹೆಣ್ಣು ಮಗುವನ್ನು ಹುಟ್ಟಿದಾಗಿನಿಂದ ಸಾಕಿದ್ದ ತಾಯಿಯ ತಾಯಿಗೆ ಸುಪ್ರೀಂ ಕೋರ್ಟ್ ಮಗುವನ್ನು ಉಳಿಸಿಕೊಟ್ಟಿತು. ಎರಡರಲ್ಲಿಯೂ ಮಗು ಅರ್ಜಿಯ ಹೊತ್ತಿಗೆ ಅಜ್ಜಿಯ ಮನೆಯಲ್ಲಿ ಬೇರುಬಿಟ್ಟಿತ್ತು.

ಇದಕ್ಕೆ ಎದುರಾಗಿ 2025ರ ಫೆಬ್ರವರಿಯ ತೀರ್ಪನ್ನು ಇಟ್ಟು ನೋಡಬೇಕು. ಉತ್ತರ ಪ್ರದೇಶದ ಆ ಪ್ರಕರಣದಲ್ಲಿ ತಾಯಿ 2021ರಲ್ಲಿ ತೀರಿಕೊಂಡ ಮೇಲೆ ಹುಡುಗ ತಾಯಿಯ ಕಡೆಯ ಅಜ್ಜಿ ತಾತನ ಬಳಿ ಇದ್ದ. ಅದಕ್ಕಿಂತ ಮೊದಲು ಸುಮಾರು ಹತ್ತು ವರ್ಷ ಅವನು ತಂದೆ ತಾಯಿಯೊಡನೆಯೇ ಬೆಳೆದಿದ್ದ, ತಂದೆಯ ಮೇಲೆ ಯಾವ ಗಂಭೀರ ಆರೋಪವೂ ಇರಲಿಲ್ಲ. ಸಹಜ ಪಾಲಕನಾದ ತಂದೆಗಿಂತ ಮೇಲಾದ ಹಕ್ಕು ಅಜ್ಜಿ ತಾತಂದಿರಿಗೆ ಇರಲಾರದು ಎಂದು ಸುಪ್ರೀಂ ಕೋರ್ಟ್ ಹೇಳಿ ಮಗುವನ್ನು ತಂದೆಗೆ ಒಪ್ಪಿಸಲು ಆದೇಶಿಸಿತು. ಆದರೆ ಶಾಲೆಯ ವರ್ಷ ನಡುವೆ ಕೆಡದಂತೆ ಏಪ್ರಿಲ್ ಕೊನೆಯವರೆಗೆ ಅಜ್ಜಿ ತಾತನ ಬಳಿಯೇ ಇರಲು ಬಿಟ್ಟಿತು. ಅಜ್ಜಿ ತಾತಂದಿರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಈ ತೀರ್ಪುಗಳ ವ್ಯತ್ಯಾಸದಲ್ಲಿಯೇ ಇವೆ: ಮಗುವನ್ನು ಸಾಕಿದ್ದು ಯಾರು, ಎಷ್ಟು ಕಾಲ, ಬದುಕಿರುವ ತಂದೆ ಅಥವಾ ತಾಯಿಯಿಂದ ಮಗುವಿಗೆ ನಿಜವಾದ ಅಪಾಯವಿದೆಯೇ, ಮಗು ಏನು ಹೇಳುತ್ತದೆ.

ತಂದೆ ತಾಯಿ ಇಬ್ಬರೂ ಇಲ್ಲವಾದಾಗ ಲೆಕ್ಕ ಬೇರೆ. ಕೋವಿಡ್ ಎರಡನೆಯ ಅಲೆಯಲ್ಲಿ, 2021ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ, ಒಬ್ಬರ ಹಿಂದೆ ಒಬ್ಬರಂತೆ ತಂದೆ ತಾಯಿಯನ್ನು ಕಳೆದುಕೊಂಡ ಅಹಮದಾಬಾದಿನ ಬಾಲಕನ ಪ್ರಕರಣ ಇದಕ್ಕೆ ಮಾದರಿ. ತಂದೆಯ ಕಡೆಯ ತಾತನಿಗೆ 71, ಅಜ್ಜಿಗೆ 63. ಇನ್ನೊಂದು ಕಡೆ ತಾಯಿಯ ತಂಗಿ, ವಯಸ್ಸಿನಲ್ಲಿ ಚಿಕ್ಕವಳು, ಸರ್ಕಾರಿ ನೌಕರಿಯಲ್ಲಿದ್ದವಳು. ಗುಜರಾತ್ ಹೈಕೋರ್ಟ್ ಚಿಕ್ಕಮ್ಮನ ಕಡೆಗೆ ವಾಲಿತು. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಲಿಸಿ, ವಯಸ್ಸಾದ ಮಾತ್ರಕ್ಕೆ ಅಜ್ಜಿ ತಾತ ಮಗುವನ್ನು ಸರಿಯಾಗಿ ನೋಡಿಕೊಳ್ಳಲಾರರೆಂದು ಊಹಿಸುವಂತಿಲ್ಲ, ಆದಾಯವೊಂದೇ ಅಳತೆಗೋಲಾಗಬಾರದು ಎಂದು ಹೇಳಿ ಮಗುವನ್ನು ಅವರಿಗೆ ಒಪ್ಪಿಸಿತು. "ನಮಗೆ ವಯಸ್ಸಾಯಿತು, ಪಿಂಚಣಿ ಬಿಟ್ಟರೆ ಬೇರೇನಿಲ್ಲ, ಕೋರ್ಟು ನಮಗೆ ಕೊಡುತ್ತದೆಯೇ" ಎಂದು ಹಿಂಜರಿಯುವವರಿಗೆ ನಾನು ಈ ತೀರ್ಪನ್ನು ತೋರಿಸುತ್ತೇನೆ. ಅದೇ ತೀರ್ಪಿನಲ್ಲಿ ತಂದೆಯ ಕಡೆಯ ಅಜ್ಜಿ ತಾತಂದಿರೇ ಮೊಮ್ಮಕ್ಕಳನ್ನು ಹೆಚ್ಚು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂಬರ್ಥದ ಮಾತೂ ಇದೆ. ಅದು ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಕಡೆ ಬಾಣಂತನದಿಂದ ಹಿಡಿದು ಬೇಸಿಗೆ ರಜೆಯವರೆಗೆ ಮಗುವನ್ನು ಸಾಕುವವರು ತಾಯಿಯ ತವರಿನವರೇ ಆಗಿರುವ ಮನೆಗಳು ಎಷ್ಟಿಲ್ಲ!

ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಅಜ್ಜಿಯ ಸ್ಥಾನ ಹೆಚ್ಚು ಸ್ಪಷ್ಟವಾಗಿ ಗುರುತಾಗಿದೆ. ಹನಫಿ ಪದ್ಧತಿಯಲ್ಲಿ ಚಿಕ್ಕ ಮಗುವಿನ ಪಾಲನೆ, ಅಂದರೆ ಹಿಜಾನತ್, ಮೊದಲು ತಾಯಿಗೆ, ಅವಳಿಲ್ಲದಿದ್ದರೆ ತಾಯಿಯ ತಾಯಿಗೆ, ಆಮೇಲೆ ತಂದೆಯ ತಾಯಿಗೆ ಸಲ್ಲುತ್ತದೆ; ಗಂಡು ಮಗುವಿಗೆ ಏಳು ವರ್ಷದವರೆಗೆ, ಹೆಣ್ಣು ಮಗುವಿಗೆ ಪ್ರಾಯಕ್ಕೆ ಬರುವವರೆಗೆ. ಅಲ್ಲಿಯೂ ನಮ್ಮ ನ್ಯಾಯಾಲಯಗಳು ಕೊನೆಗೆ ಮಗುವಿನ ಹಿತವನ್ನೇ ನೋಡುತ್ತವೆ.

ಮಗ ಬದುಕಿದ್ದು ವಿಚ್ಛೇದನವಾಗಿರುವ ಮನೆಗಳಲ್ಲಿ ಅಜ್ಜಿ ತಾತಂದಿರು ಬೇರೆ ಅರ್ಜಿ ಹಾಕುವುದಕ್ಕಿಂತ ಮಗನ ಆದೇಶದೊಳಗೆ ತಮಗೂ ಜಾಗ ಮಾಡಿಸಿಕೊಳ್ಳುವುದು ಲೇಸು. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹೋಗುವವರು ಜೀವನಾಂಶ, ಒಡವೆ, ಮದುವೆಯ ಖರ್ಚು ಇವುಗಳ ಬಗ್ಗೆ ಪುಟಗಟ್ಟಲೆ ಷರತ್ತು ಬರೆಸುತ್ತಾರೆ. ಮಗುವಿನ ವಿಷಯಕ್ಕೆ ಬಂದಾಗ "ತಂದೆಗೆ ಭೇಟಿಯ ಹಕ್ಕಿರುತ್ತದೆ" ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಎಲ್ಲಿ, ಯಾವ ದಿನ, ಎಷ್ಟು ಹೊತ್ತು, ರಾತ್ರಿ ಉಳಿಯಬಹುದೇ, ದಸರಾ ರಜೆಯಲ್ಲಿ ಎಷ್ಟು ದಿನ, ಬೇಸಿಗೆಯಲ್ಲಿ ಎಷ್ಟು ದಿನ, ಅಜ್ಜಿಯ ಮನೆಗೆ ಕರೆದೊಯ್ಯಬಹುದೇ ಎಂಬುದನ್ನು ಬರೆಸದಿದ್ದರೆ ಆಮೇಲೆ ಪ್ರತಿಯೊಂದೂ ಜಗಳವಾಗುತ್ತದೆ. ಮಗ ಬೆಂಗಳೂರಿನಲ್ಲೋ ವಿದೇಶದಲ್ಲೋ ಇದ್ದು ಅವನ ಭೇಟಿಯ ದಿನಗಳು ವ್ಯರ್ಥವಾಗುವಂತಿದ್ದರೆ, ಅವನ ಪರವಾಗಿ ಅಜ್ಜಿ ತಾತ ಮಗುವನ್ನು ನೋಡಬಹುದು ಎಂಬ ಸಾಲನ್ನೂ ಸೇರಿಸಬಹುದು. 2020ರಲ್ಲಿ ಸುಪ್ರೀಂ ಕೋರ್ಟ್, ಮಗುವಿನಿಂದ ದೂರವಿರುವ ತಂದೆ ಅಥವಾ ತಾಯಿಗೆ ಫೋನ್, ವಿಡಿಯೋ ಕರೆಗಳ ಮೂಲಕ ಮಾತನಾಡುವ ಅವಕಾಶವನ್ನು ಆದೇಶಗಳಲ್ಲಿ ಕೊಡಬೇಕೆಂದು ಹೇಳಿತು. ಒಪ್ಪಂದ ಬರೆಸುವಾಗ ಅಜ್ಜಿ ತಾತಂದಿರಿಗೂ ಇಂಥ ಸಾಲೊಂದನ್ನು ಕೇಳುವುದರಲ್ಲಿ ತಪ್ಪೇನಿಲ್ಲ. ಕರಾರು ಬರೆಯುವ ದಿನ ಕಾಲು ಗಂಟೆ ಹೆಚ್ಚು ಕುಳಿತರೆ ಮುಂದಿನ ಹತ್ತು ವರ್ಷದ ಓಡಾಟ ತಪ್ಪುತ್ತದೆ.

ಅರ್ಜಿ ಎಲ್ಲಿ ಹಾಕಬೇಕು ಎಂಬುದರಲ್ಲಿ ಬಹಳ ಜನ ಎಡವುತ್ತಾರೆ. ಕೆಲವರು ಮೊದಲು ಪೊಲೀಸ್ ಠಾಣೆಗೆ ಹೋಗಿ ಮೊಮ್ಮಗುವನ್ನು ಅಪಹರಿಸಿದ್ದಾರೆಂದು ದೂರು ಕೊಡುತ್ತಾರೆ. ತಾಯಿ ತನ್ನ ಮಗುವನ್ನು ತವರಿಗೆ ಕರೆದುಕೊಂಡು ಹೋದದ್ದನ್ನು ಅಪಹರಣವೆಂದು ಯಾವ ಠಾಣೆಯೂ ಬರೆದುಕೊಳ್ಳುವುದಿಲ್ಲ. ಇನ್ನು ಕೆಲವರು ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋಗುತ್ತಾರೆ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಎ.ಸಿ. ಅವರು ನಡೆಸುವ ನ್ಯಾಯಮಂಡಳಿ ಮಕ್ಕಳಿಂದ ಜೀವನಾಂಶ ಕೊಡಿಸಬಲ್ಲದು, ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಹಿಂದಕ್ಕೆ ಕೊಡಿಸಬಲ್ಲದು. ಮೊಮ್ಮಗುವಿನ ಭೇಟಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಇದಕ್ಕೆ ಸರಿಯಾದ ಜಾಗ ಕೌಟುಂಬಿಕ ನ್ಯಾಯಾಲಯ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 7ನೇ ಕಲಮು ಮಗುವಿನ ಪಾಲಕತ್ವ ಮತ್ತು ವಶದ ಜೊತೆಗೆ ಮಗುವಿನ ಭೇಟಿಯನ್ನೂ ಸ್ಪಷ್ಟವಾಗಿ ಹೆಸರಿಸುತ್ತದೆ. ಕಚೇರಿಯ ಭಾಷೆಯಲ್ಲಿ ಇಂಥ ಅರ್ಜಿಯನ್ನು ಜಿ ಅಂಡ್ ಡಬ್ಲ್ಯೂಸಿ, ಅಂದರೆ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕೇಸ್, ಎನ್ನುತ್ತಾರೆ.

ಯಾವ ಊರಿನ ನ್ಯಾಯಾಲಯ? ಮಗು ಸಾಮಾನ್ಯವಾಗಿ ವಾಸವಿರುವ ಊರಿನದು. ತಾತ ಮಂಡ್ಯದಲ್ಲಿದ್ದು ಮಗು ತಾಯಿಯೊಡನೆ ಬೆಂಗಳೂರಿನಲ್ಲಿ ನೆಲೆಸಿದ್ದರೆ ಬೆಂಗಳೂರಿಗೇ ಹೋಗಬೇಕು. ವಯಸ್ಸಾದವರಿಗೆ ಇದು ದೊಡ್ಡ ತೊಂದರೆ, ಆದರೆ ಮಗುವನ್ನು ಊರಿಂದೂರಿಗೆ ಅಲೆಸುವುದಕ್ಕಿಂತ ದೊಡ್ಡವರು ಅಲೆಯುವುದು ಸರಿ ಎಂಬ ಕಾನೂನಿನ ನಿಲುವನ್ನು ನಾನು ಒಪ್ಪುತ್ತೇನೆ. ಅರ್ಜಿಯೊಡನೆ ಮಧ್ಯಂತರ ಅರ್ಜಿಯನ್ನೂ ಹಾಕಬೇಕು. 1890ರ ಕಾಯ್ದೆಯ 12ನೇ ಕಲಮಿನಡಿ ಮುಖ್ಯ ಅರ್ಜಿ ತೀರ್ಮಾನವಾಗುವವರೆಗೆ ತಾತ್ಕಾಲಿಕ ವ್ಯವಸ್ಥೆ ಮಾಡಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಇದನ್ನು ಬಿಟ್ಟರೆ ವಾಯಿದೆಯ ಮೇಲೆ ವಾಯಿದೆ ಬೀಳುವಷ್ಟರಲ್ಲಿ ಮಗುವಿಗೆ ಅಜ್ಜಿಯ ಮುಖವೇ ಮರೆತಿರುತ್ತದೆ, ಆಮೇಲೆ ಒಡನಾಟವಿಲ್ಲವೆಂಬುದೇ ಎದುರುದಾರರ ವಾದವಾಗುತ್ತದೆ.

ವಕೀಲರ ಫೀಸಿನ ಚಿಂತೆ ಇರುವವರು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಹೆಂಗಸರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಎಷ್ಟೋ ಮನೆಗಳಲ್ಲಿ ತಾತನ ಹೆಸರಿನಲ್ಲಿಯೇ ಅರ್ಜಿ ಹಾಕುತ್ತಾರೆ. ಅಜ್ಜಿ ಅರ್ಜಿದಾರಳಾದರೆ ಈ ನೆರವು ಸುಲಭವಾಗಿ ದೊರೆಯುತ್ತದೆಂಬುದು ಅವರಿಗೆ ತಿಳಿದಿರುವುದಿಲ್ಲ. ಫೋನಿನಲ್ಲಿ ವಿಚಾರಿಸುವವರಿಗೆ 15100 ಎಂಬ ಸಂಖ್ಯೆ ಇದೆ.

ಕೌಟುಂಬಿಕ ನ್ಯಾಯಾಲಯ ಮೊದಲು ರಾಜಿಗೆ ಪ್ರಯತ್ನಿಸಬೇಕೆಂಬುದು ಕಾಯ್ದೆಯ ವಿಧಿ. ಸಮಾಲೋಚಕರ ಮುಂದೆ ಅಥವಾ ಮಧ್ಯಸ್ಥಿಕೆ ಕೇಂದ್ರದಲ್ಲಿ ಎರಡೂ ಕಡೆಯವರು ಎದುರುಬದುರು ಕೂರುತ್ತಾರೆ. ಈ ಹಂತವನ್ನು ಹಗುರವಾಗಿ ನೋಡಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅಜ್ಜಿ ತಾತಂದಿರ ಅರ್ಜಿಗಳಲ್ಲಿ ವಾದಿಸಿ ಗೆಲ್ಲುವುದಕ್ಕಿಂತ ಇಲ್ಲಿ ಕುಳಿತು ಪಡೆಯುವುದೇ ಹೆಚ್ಚು. ಒಂಟಿಯಾದ ಸೊಸೆಗೆ ಇರುವ ಭಯ ಸಾಮಾನ್ಯವಾಗಿ ಒಂದೇ: ಒಮ್ಮೆ ಮಗುವನ್ನು ಕಳುಹಿಸಿದರೆ ವಾಪಸು ಕೊಡುತ್ತಾರೋ ಇಲ್ಲವೋ. ಆ ಭಯವನ್ನು ಕಳೆಯುವ ಪ್ರಸ್ತಾಪವನ್ನು ಹಿರಿಯರೇ ಮುಂದಿಡಬೇಕು. ಮೊದಲ ಕೆಲವು ತಿಂಗಳು ತಾಯಿ ಒಪ್ಪುವ ಜಾಗದಲ್ಲಿ, ಕಾರಂಜಿ ಕೆರೆಯ ತೋಟದಲ್ಲೋ ಮೃಗಾಲಯದಲ್ಲೋ, ಅವಳ ಕಡೆಯವರೊಬ್ಬರು ಜೊತೆಗಿರುವಂತೆ ಹಗಲು ಹೊತ್ತಿನ ಭೇಟಿ. ಮಗು ಹೊಂದಿಕೊಂಡ ಮೇಲೆ ಮನೆಗೆ. ಆಮೇಲೆ ಹಬ್ಬ ಮತ್ತು ರಜೆಗಳಲ್ಲಿ ರಾತ್ರಿ ಉಳಿಯುವುದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೇಳಿದವರಿಗೆ ಸಿಗುತ್ತದೆ. ಮದ್ದೂರಿನ ನಮ್ಮ ನೆಂಟರಿಗೂ ಕೊನೆಗೆ ಸಿಕ್ಕಿದ್ದು ಇದೇ ದಾರಿಯಲ್ಲಿ. ಪರಿಹಾರದ ಹಣದ ಪಾಲಿನ ವಿಷಯವನ್ನು ನ್ಯಾಯಮಂಡಳಿಗೆ ಬಿಟ್ಟು, ಮಗುವನ್ನು ವಶಕ್ಕೆ ಕೇಳಿದ್ದ ಕೋರಿಕೆಯನ್ನು ಕೈಬಿಟ್ಟ ಮೇಲೆ ಸೊಸೆಯ ತಂದೆಯೇ ಭಾನುವಾರಗಳಂದು ಮಗುವನ್ನು ಕರೆತರಲು ಒಪ್ಪಿಕೊಂಡರು.

ಮಕ್ಕಳು ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿರುವ ಮೈಸೂರಿನ ಮನೆಗಳಿಗೆ ಒಂದು ಮಾತು. ಮೊಮ್ಮಗು ಅಲ್ಲಿಯೇ ವಾಸವಿದ್ದರೆ ಅಲ್ಲಿನ ಕಾನೂನನ್ನೇ ನೋಡಬೇಕಾಗುತ್ತದೆ. ಅಮೆರಿಕದ 50 ರಾಜ್ಯಗಳಲ್ಲಿಯೂ ಅಜ್ಜಿ ತಾತಂದಿರ ಭೇಟಿಗೆ ಸಂಬಂಧಿಸಿದ ಒಂದಲ್ಲ ಒಂದು ಶಾಸನವಿದೆ. ಆದರೆ 2000ದ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ವಾಷಿಂಗ್ಟನ್ ರಾಜ್ಯದ ಪ್ರಕರಣವೊಂದರಲ್ಲಿ, ಯೋಗ್ಯಳಾದ ತಾಯಿ ಮಗುವಿನ ಹಿತಕ್ಕಾಗಿಯೇ ನಿರ್ಧರಿಸುತ್ತಾಳೆಂದು ನ್ಯಾಯಾಲಯಗಳು ಭಾವಿಸಬೇಕು, ಅವಳ ತೀರ್ಮಾನಕ್ಕೆ ಬೆಲೆ ಕೊಡದೆ ಭೇಟಿಯ ದಿನಗಳನ್ನು ಹೆಚ್ಚಿಸಿದ್ದು ಸರಿಯಲ್ಲ ಎಂದಿತು. ಅಲ್ಲಿಯೂ ಮಗನನ್ನು ಕಳೆದುಕೊಂಡ ಅಜ್ಜಿ ತಾತಂದಿರೇ ಅರ್ಜಿದಾರರು. ಇಂಗ್ಲೆಂಡಿನಲ್ಲಿ 1989ರ ಮಕ್ಕಳ ಕಾಯ್ದೆಯಡಿ ಅಜ್ಜಿ ತಾತಂದಿರು ಸಾಮಾನ್ಯವಾಗಿ ಅರ್ಜಿ ಹಾಕುವುದಕ್ಕೇ ಮೊದಲು ನ್ಯಾಯಾಲಯದ ಅನುಮತಿ ಪಡೆಯಬೇಕು. ಮಕ್ಕಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕೊಂಡೊಯ್ಯುವುದಕ್ಕೆ ಸಂಬಂಧಿಸಿದ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲವಾದ್ದರಿಂದ ಎರಡು ದೇಶಗಳ ನಡುವಿನ ವ್ಯಾಜ್ಯ ಇನ್ನಷ್ಟು ಜಟಿಲವಾಗುತ್ತದೆ.

ನಮ್ಮಲ್ಲಿಯೂ ಶಾಸನ ಬದಲಾಗಬೇಕೆಂಬ ಸಲಹೆ ಬಂದಿಲ್ಲವೆಂದಲ್ಲ. ನ್ಯಾಯಮೂರ್ತಿ ಎ.ಪಿ. ಶಾ ಅವರ ಅಧ್ಯಕ್ಷತೆಯ ಕಾನೂನು ಆಯೋಗ 2015ರ ಮೇ ತಿಂಗಳಲ್ಲಿ ಕೊಟ್ಟ 257ನೇ ವರದಿ ಪಾಲಕತ್ವದ ಕಾನೂನುಗಳ ಸುಧಾರಣೆಯನ್ನೇ ಕುರಿತದ್ದು. ಜಂಟಿ ಪಾಲನೆಯ ಜೊತೆಗೆ ಅಜ್ಜಿ ತಾತಂದಿರೊಡನೆ ಮಗು ಕಳೆಯುವ ಸಮಯವನ್ನೂ ಅದು ತನ್ನ ಮಾರ್ಗಸೂಚಿಗಳಲ್ಲಿ ಪ್ರತ್ಯೇಕವಾಗಿ ಸೇರಿಸಿತ್ತು. ಆ ಶಿಫಾರಸು ಕಾಯ್ದೆಯಾಗಿಲ್ಲ. ಆಗಬೇಕೆಂದು ನನ್ನ ಆಸೆ, ಆದರೆ ಅದು ಮಗುವಿನ ಹಕ್ಕಾಗಿ ಬರಬೇಕು. ಹಿರಿಯರ ಹಕ್ಕಾಗಿ ಬಂದರೆ ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳ ಮೇಲೆ ಗಂಡನ ಮನೆಯವರ ಹಿಡಿತ ಮುಂದುವರಿಯುವ ಇನ್ನೊಂದು ದಾರಿಯಾಗಬಹುದೆಂಬ ಅಳುಕೂ ನನಗಿದೆ.

ಕೊನೆಯದಾಗಿ, ಆದೇಶ ಸಿಕ್ಕಿದ ಮೇಲಿನ ಮಾತು. ತಾಯಿ ಮಗುವನ್ನು ಕರೆತರದಿದ್ದರೆ ಅವಳ ಮನೆಯ ಬಾಗಿಲಿಗೆ ಜನರನ್ನು ಕರೆದುಕೊಂಡು ಹೋಗಬಾರದು. ಆ ಒಂದು ದಿನದ ಗಲಾಟೆ ಮುಂದಿನ ಎಲ್ಲ ಭೇಟಿಗಳನ್ನು ನಿಲ್ಲಿಸುವ ಅರ್ಜಿಗೆ ಕಾರಣವಾಗುತ್ತದೆ. ತಪ್ಪಿದ ದಿನಾಂಕಗಳನ್ನು ಬರೆದಿಟ್ಟುಕೊಂಡು, ಕಳುಹಿಸಿದ ಸಂದೇಶಗಳನ್ನು ಉಳಿಸಿಕೊಂಡು ಅದೇ ನ್ಯಾಯಾಲಯದಲ್ಲಿ ಜಾರಿ ಅರ್ಜಿ ಹಾಕಬೇಕು. ಮಗು ಬೆಳೆದಂತೆ ಶಾಲೆಯ ವೇಳೆ, ಪರೀಕ್ಷೆ, ಊರು ಎಲ್ಲವೂ ಬದಲಾಗುವುದರಿಂದ ಭೇಟಿಯ ಆದೇಶವನ್ನು ತಿದ್ದಿಸಿಕೊಳ್ಳುವುದಕ್ಕೂ ಅವಕಾಶವಿದೆ. ಈ ವಿಷಯದಲ್ಲಿ ಯಾವ ಆದೇಶವೂ ಅಂತಿಮವೆನಿಸುವುದಿಲ್ಲ. ಮೊದಲ ಆದೇಶದಲ್ಲಿ ತಿಂಗಳಿಗೆ ಎರಡೇ ಗಂಟೆ ಸಿಕ್ಕಿದರೂ ಅದನ್ನು ತಪ್ಪದೆ ಬಳಸಿಕೊಂಡವರಿಗೆ ಮುಂದಿನ ಅರ್ಜಿಯಲ್ಲಿ ಹೆಚ್ಚು ಕೇಳಲು ಆಧಾರ ಸಿಗುತ್ತದೆ.